ತಾಸಿನ ಬಾಡಿಗೆಗೆ ಆಟದ ಬಯಲು

ಹೋದ ಆದಿತ್ಯವಾರ ನಮ್ಮ ಓಣಿಯ ಹುಡುಗರ ಸಂಗಡ ಪಕ್ಕದ ಊರಿನ ಒಂದು ಖಾಸಗಿ ಕ್ರೀಡಾಂಗಣಕ್ಕೆ ಹೋಗಿ ಬಂದೆವು. ಅಲ್ಲಿ ಹುಡುಗರ ಚೆಂಡಾಟದ ಪಂದ್ಯಾವಳಿ ಏರ್ಪಟ್ಟಿತ್ತು. ಊರಿನ ಹೆಸರನ್ನಾಗಲಿ ಮಾಲಿಕರ ಹೆಸರನ್ನಾಗಲಿ ಬರೆಯುವದು ಬೇಡ. ನಮ್ಮ ತಕರಾರು ಅವರೊಬ್ಬರ ಮೇಲಿನದಲ್ಲ.

ನೆಲಕ್ಕೆ ಪ್ಲಾಸ್ಟಿಕ್ಕಿನ ಹಸಿರು ಹುಲ್ಲು, ನಾಲ್ಕೂ ಕಡೆಗೆ ಮತ್ತು ನೆತ್ತಿಯ ಮೇಲೆ ಬಲೆ, ಕಂಬಗಳಿಗೆ ಕಣ್ಣು ಕುಕ್ಕುವ ದೀಪ. ಬಾಗಿಲಲ್ಲಿ ಸಿನೇಮಾ ಥೇಟರಿನಂತೆ ಹಣ ಕಟ್ಟುವ ಕಿಟಕಿ. ತಂಡಕ್ಕೊಂದು ದರ, ತಾಸಿಗೊಂದು ದರ, ದೀಪ ಹಚ್ಚಿದ ಮೇಲೆ ಇನ್ನೊಂದು ದರ. ಮನೆಯಿಂದ ತಂದ ರೊಟ್ಟಿಯ ಗಂಟನ್ನು ಹೊರಗೇ ಇಡಬೇಕು, ಹಸಿವಾದರೆ ಒಳಗಿನ ಅಂಗಡಿಯಲ್ಲೇ ಕೊಳ್ಳಬೇಕು.

ಇದ್ದದ್ದನ್ನು ಇದ್ದಂತೆ ಹೇಳುವದಾದರೆ, ಅಲ್ಲಿ ಕುಡಿಯುವ ನೀರಿತ್ತು, ಹೆಣ್ಣುಮಕ್ಕಳಿಗೆ ಚೊಕ್ಕಟವಾದ ಪಾಯಿಖಾನೆಯಿತ್ತು, ಹೇಳಿದ ವೇಳೆಗೆ ಆಟ ಶುರುವಾಯಿತು. ಸಾರ್ವಜನಿಕ ಮೈದಾನದಲ್ಲಿ ಈ ಮೂರೂ ಒಟ್ಟಿಗೆ ಸಿಕ್ಕದ್ದನ್ನು ನಾವು ಕಂಡದ್ದು ಅಪರೂಪ. ಖಾಸಗಿಯವರನ್ನು ಬೈಯುವ ಮೊದಲು ಈ ಮಾತನ್ನು ಒಪ್ಪಿಕೊಳ್ಳಬೇಕು.

ಆದರೆ ಸಂಜೆಗೆ ಒಂದು ಪ್ರಸಂಗ ನಡೆಯಿತು. ಗೊತ್ತುಮಾಡಿದ ತಾಸು ಮುಗಿಯಿತೆಂದು ಫಟ್ಟನೆ ದೀಪ ಆರಿಸಿಬಿಟ್ಟರು. ಎರಡನೆಯ ಪಾಳಿಯ ರಜೆ ಹಾಕಿ ಮಗನ ಆಟ ನೋಡಲು ಬಂದಿದ್ದ ಗಿರಣಿ ಕಾಮಗಾರರೊಬ್ಬರು ಕತ್ತಲಲ್ಲೇ ನಮ್ಮ ಕಡೆ ತಿರುಗಿ, “ಕಾಕಾ, ನಮ್ಮ ಹುಡುಗ ಇನ್ನೂ ಓಡಾಕತ್ತಿದ್ನಲ್ರೀ” ಎಂದರು. ಮುಂದೆ ಏನೂ ಅನ್ನಲಿಲ್ಲ.

ಅದೇ ದಿನ ಜೊತೆಗೆ ಬಂದಿದ್ದ ಒಬ್ಬ ಹುಡುಗಿ, ಶಾಲೆಯ ಸಾಫ್ಟ್‌ಬಾಲ್ ತಂಡದವಳು, ಕಿಟಕಿಯ ಬಳಿ ಹೋಗಿ, “ಅಣ್ಣಾರ, ಇಲ್ಲಿ ನಮ್ಮ ಆಟ ಆಡಾಕ ಬರತೈತೇನ್ರಿ?” ಎಂದು ಕೇಳಿದಳು. “ಅದಕ್ಕ ಜಾಗಾ ಸಾಲೂದಿಲ್ಲವ್ವಾ, ಗಿರಾಕಿನೂ ಇಲ್ಲ” ಎಂದು ಉತ್ತರ ಬಂತು. ಆ ಮನುಷ್ಯ ಸುಳ್ಳು ಹೇಳಲಿಲ್ಲ. ಸಾಫ್ಟ್‌ಬಾಲಿನಲ್ಲಿ ಒಂದು ಠಾಣೆಯಿಂದ ಇನ್ನೊಂದಕ್ಕೆ 60 ಅಡಿ, ಬೇಸ್‌ಬಾಲಿನಲ್ಲಿ 90 ಅಡಿ. ಅದರಾಚೆಗೆ ಹೊಡೆದ ಚೆಂಡು ಹಾರಿ ಬೀಳಲು, ಅದನ್ನು ಹಿಡಿಯುವವರು ಓಡಲು ವಿಶಾಲವಾದ ಬಯಲು ಬೇಕು. ಬಲೆಯ ಪಂಜರದಲ್ಲಿ ಅದು ಹಿಡಿಸದು. ತಾಸಿನ ಬಾಡಿಗೆಯ ಲೆಕ್ಕದಲ್ಲಿ ಅಷ್ಟು ನೆಲವನ್ನು ಯಾವ ವ್ಯಾಪಾರಿಯೂ ಬಿಡಲಾರ. ಶಾಲಾ ಕ್ರೀಡೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ಈ ಎರಡೂ ಆಟಗಳಿವೆ. ಆದರೆ ಅಂಗಡಿಯ ದರಪಟ್ಟಿಯಲ್ಲಿ ಇಲ್ಲ. ಯಾವ ಆಟದಿಂದ ಬಾಡಿಗೆ ಹುಟ್ಟುತ್ತದೆಯೋ ಅದೊಂದೇ ಉಳಿಯಬೇಕೆಂದರೆ ನಮ್ಮ ಮಕ್ಕಳ ಮೈಕಟ್ಟನ್ನು ನಿರ್ಣಯಿಸುವವರು ಯಾರು?

ಇದು ಸಾಹೇಬರ ಆಟ, ನಮಗೇಕೆ ಎಂದು ಕೆಲವರು ಕೇಳಬಹುದು. ಸಾಫ್ಟ್‌ಬಾಲ್ ಹುಟ್ಟಿದ್ದು 1887ರಲ್ಲಿ, ಅಮೇರಿಕೆಯ ಶಿಕಾಗೋ ಪಟ್ಟಣದ ಒಂದು ದೋಣಿ ಕ್ಲಬ್ಬಿನೊಳಗೆ. ನಮ್ಮ ಗೋಕಾಕ ಫಾಲ್ಸಿನ ಗಿರಣಿಯ ಕಂಪನಿ ಸ್ಥಾಪನೆಯಾಗಿ ಆಗ ಎರಡೇ ವರುಷ. ಚಳಿಗಾಲದಲ್ಲಿ ಒಳಗೆ ಕುಳಿತು ಬೇಸರಗೊಂಡ ಜನ ಮುಷ್ಟಿಯುದ್ಧದ ಒಂದು ಹಳೆಯ ಕೈಚೀಲವನ್ನು ದಾರದಿಂದ ಬಿಗಿದು ಚೆಂಡು ಮಾಡಿದರು, ಕಸಬರಿಗೆಯ ಹಿಡಿಕೆಯನ್ನು ದಾಂಡು ಮಾಡಿದರು. ನಮ್ಮ ಚಿಣಿಪಣಿಗೂ ಇದಕ್ಕೂ ದೊಡ್ಡ ಅಂತರವೇನಿದೆ? ದುಡ್ಡಿಲ್ಲದೆ ಹುಟ್ಟಿದ ಆಟಕ್ಕೆ ದುಡ್ಡಿನ ಬೇಲಿ ಬಿದ್ದದ್ದು ಆಮೇಲೆ.

ಆ ಬೇಲಿ ಹೇಗೆ ಬಿತ್ತೆಂಬುದಕ್ಕೂ ಅಮೇರಿಕೆಯೇ ಸಾಕ್ಷಿ. ವಿಲಿಯಮ್ಸ್‌ಪೋರ್ಟ್ ಎಂಬುದು ಮರಕೊಯ್ಯುವ ಗಿರಣಿಗಳಿಂದ ಬೆಳೆದ ಊರು. 1939ರಲ್ಲಿ ಕಾರ್ಲ್ ಸ್ಟಾಟ್ಜ್ ಎಂಬವರು ತಮ್ಮ ಬಂಧುಗಳ ಮಕ್ಕಳಂಥ ಸಣ್ಣ ಹುಡುಗರಿಗಾಗಿ ಅಲ್ಲಿ ಬೇಸ್‌ಬಾಲ್ ಸಂಘ ಕಟ್ಟಲು ಹೊರಟರು. ವರ್ಗಣಿಗಾಗಿ ಬಾಗಿಲು ಬಾಗಿಲಿಗೆ ಅಲೆದರು. 56 ಕಡೆ ಇಲ್ಲವೆನಿಸಿಕೊಂಡ ಮೇಲೆ ಒಂದು ಹಾಲಿನ ವ್ಯಾಪಾರದವರು 30 ಡಾಲರು ಕೊಟ್ಟರು. ಜೂನ್ 6ರಂದು ಮೊದಲ ಪಂದ್ಯ ನಡೆಯಿತು. ಆಡಿದ ಎರಡು ತಂಡಗಳಲ್ಲಿ ಒಂದಕ್ಕೆ ಆ ಹಾಲಿನ ವ್ಯಾಪಾರದ ಹೆಸರು, ಇನ್ನೊಂದಕ್ಕೆ ಕಟ್ಟಿಗೆ ಅಡ್ಡೆಯ ಹೆಸರು. ಇದೇ ಮುಂದೆ ಜಗತ್ತಿಗೆಲ್ಲ ಹಬ್ಬಿದ ಲಿಟಲ್ ಲೀಗ್. (ಹುಡುಗಿಯರನ್ನು ಮಾತ್ರ ಅವರು 1974ರ ವರೆಗೆ ಒಳಗೆ ಬಿಟ್ಟಿರಲಿಲ್ಲ, ಅದೂ ಕೋರ್ಟಿನ ಬಿಸಿ ತಾಗಿದ ಮೇಲೆ.)

ಈಗ ಅದೇ ದೇಶದಲ್ಲಿ ಹುಡುಗರ ಪಂದ್ಯಾವಳಿಗಾಗಿಯೇ ಕಟ್ಟಿದ ದೊಡ್ಡ ದೊಡ್ಡ ಖಾಸಗಿ ಸಂಕೀರ್ಣಗಳಿವೆ. ಹಲವು ಪಂದ್ಯಾವಳಿಗಳಲ್ಲಿ ಅವರು ತೋರಿಸಿದ ಹೊಟೇಲಿನಲ್ಲೇ ಇಳಿದುಕೊಳ್ಳಬೇಕು, ಇಲ್ಲವಾದರೆ ತಂಡಕ್ಕೆ ಪ್ರವೇಶವಿಲ್ಲ. 2024ರಲ್ಲಿ ಅಲ್ಲಿಯ ಕುಟುಂಬವೊಂದು ಮಗುವಿನ ಒಂದು ಮುಖ್ಯ ಆಟಕ್ಕೆ ಸರಾಸರಿ 1,016 ಡಾಲರು ಸುರಿಯಿತೆಂದು ಆಸ್ಪೆನ್ ಸಂಸ್ಥೆಯ ಸಮೀಕ್ಷೆ ಹೇಳಿತು. ಐದು ವರುಷಗಳಲ್ಲಿ ಇದು ಶೇಕಡಾ 46ರಷ್ಟು ಏರಿದೆ. ಅಷ್ಟು ಪಗಾರವಿರುವ ನಾಡಿನಲ್ಲೇ ಈ ಗತಿಯಾದರೆ ನಮ್ಮ ಓಣಿಗಳ ಗತಿಯೇನು?

ಖಾಸಗಿಯವರೇ ಪ್ರತಿಭೆಯನ್ನು ಹುಡುಕಿ ತೆಗೆಯುತ್ತಾರೆ ಎಂಬ ವಾದವೊಂದಿದೆ. 2008ರಲ್ಲಿ ಅಮೇರಿಕೆಯ ವ್ಯಾಪಾರಿಗಳು ನಮ್ಮ ದೇಶದಲ್ಲಿ ಚೆಂಡೆಸೆಯುವ ಸ್ಪರ್ಧೆಯನ್ನು ನಡೆಸಿ ರಿಂಕು ಸಿಂಗ್, ದಿನೇಶ ಪಟೇಲ್ ಎಂಬ ಇಬ್ಬರು ತರುಣರನ್ನು ಕರೆದೊಯ್ದರು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಅವರೊಡನೆ ಕರಾರು ಮಾಡಿಕೊಂಡಿತು, ಅವರ ಮೇಲೆ ಸಿನೇಮಾ ಕೂಡ ಬಂತು. ಆದರೆ ಆ ತೋಳುಗಳು ಬಲಿತದ್ದು ಎಲ್ಲಿ? ಇಬ್ಬರೂ ಉತ್ತರ ಪ್ರದೇಶದ ಹಳ್ಳಿಗಾಡಿನವರು, ಲಖನೌದ ಸರಕಾರಿ ಕ್ರೀಡಾ ಕಾಲೇಜಿನಲ್ಲಿ ಭರ್ಚಿ ಎಸೆತ ಕಲಿತವರು. ರಿಂಕುವಿನ ತಂದೆ ಲಾರಿ ಡ್ರೈವರ್. ಬಿತ್ತಿದ್ದು ಜನರ ದುಡ್ಡು, ಸುಗ್ಗಿ ಮಾಡಿದವರು ಬೇರೆಯವರು.

ಕಾಯದೆಗಳಿಗೇನು ಕೊರತೆಯಿಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಯ್ದುಕೊಳ್ಳಲು ಕರ್ನಾಟಕದಲ್ಲಿ 1985ರಷ್ಟು ಹಿಂದೆಯೇ ಕಾಯದೆಯಾಗಿದೆ. 2009ರ ಶಿಕ್ಷಣ ಹಕ್ಕಿನ ಕಾಯದೆಯು ಶಾಲೆಗೆ ಆಟದ ಮೈದಾನ ಇರಲೇಬೇಕೆಂದು ಹೇಳುತ್ತದೆ. ಆದರೆ ಶಾಲೆಯ ಮೈದಾನಕ್ಕೆ ಐದು ಗಂಟೆಗೆ ಕೀಲಿ ಬಿದ್ದರೆ, ಗಿರಣಿಗೆ ಹೋಗುವ ಹುಡುಗನಿಗೂ ಅಂಗಡಿಯಲ್ಲಿ ಅಪ್ಪನಿಗೆ ಕೈಗೂಡಿಸುವ ಹುಡುಗನಿಗೂ ಅದರಿಂದೇನು ಉಪಯೋಗ? ಗೋಕಾಕ ತಾಲೂಕಿನಿಂದ ಬೇರೆಯಾದ ಮೂಡಲಗಿ ಹೊಸ ತಾಲೂಕು. ಕಚೇರಿಗಳಿಗೆ ಜಾಗ ಹುಡುಕುವ ಕಾಲದಲ್ಲೇ ಹತ್ತೆಂಟು ಎಕರೆ ಆಟಕ್ಕೆಂದು ಗುರುತು ಮಾಡಿಸಿಕೊಳ್ಳದಿದ್ದರೆ, ನಾಳೆ ಪ್ಲಾಟುಗಳು ಬಿದ್ದ ಮೇಲೆ ಕೂಗಿ ಪ್ರಯೋಜನವಿಲ್ಲ.

ನಡೆಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಕ್ಕೇರಿಯಲ್ಲಿದೆ. 1969ರಲ್ಲಿ ಹುಟ್ಟಿದ ಅಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ಮನೆಮನೆಗೆ, ಹೊಲಹೊಲಕ್ಕೆ ವಿದ್ಯುತ್ತನ್ನು ಹಂಚುತ್ತಿದೆ. ಆ ಸಂಘದ ಚುನಾವಣೆಯ ಗದ್ದಲ ನಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ಲೆಕ್ಕ ಕೇಳುವ ಹಕ್ಕು ಸದಸ್ಯನ ಕೈಯಲ್ಲಿದೆ. ಕಂಬ, ತಂತಿ, ಬಿಲ್ಲುಗಳ ಉಸಾಬರಿಯನ್ನು ಹೊತ್ತ ಜನಕ್ಕೆ ಒಂದು ಮೈದಾನ, ನಾಲ್ಕು ದೀಪ, ಒಂದು ನಳ, ಒಬ್ಬ ಕಾವಲುಗಾರನನ್ನು ನಡೆಸುವದು ಆಗದ ಮಾತೇ?

ನೆಲವನ್ನು ನಗರಸಭೆ, ಪುರಸಭೆಗಳು ಕೊಡಲಿ, ಅದನ್ನು ಗುತ್ತಿಗೆಗೆ ಮಾತ್ರ ಬಿಡುವದು ಬೇಡ. ಕರದಂಟಿನ ಅಂಗಡಿಯವರು, ಕಿರಾಣಿಯವರು, ಅರಿವೆಯವರು ಓಣಿಗೊಂದು ತಂಡಕ್ಕೆ ತಮ್ಮ ಹೆಸರು ಹಾಕಿ ಅಂಗಿ, ಚೆಂಡು ಕೊಡಿಸಲಿ. ಆ ಹಾಲಿನ ವ್ಯಾಪಾರಿ ಮಾಡಿದ್ದೂ ಇಷ್ಟೇ. ಕಟ್ಟಿಗೆಯಲ್ಲಿ ಹಣ್ಣು-ಕಾಯಿ, ಗೊಂಬೆ ಮಾಡಿ ಹೆಸರಾದ ಗೋಕಾಕದ ಕುಶಲಕರ್ಮಿಗಳಿಗೆ ಅಭ್ಯಾಸದ ಒಂದು ದಾಂಡನ್ನು ಮಾಡಿಕೊಡುವದು ಕಷ್ಟವಾಗಲಿಕ್ಕಿಲ್ಲ. ಕಾಮಗಾರರ ಸಂಘಗಳು ಪಾಳಿಯ ವೇಳೆ ನೋಡಿ ಆಟದ ವೇಳೆ ಗೊತ್ತುಮಾಡಲಿ.

ಆ ಸಾಫ್ಟ್‌ಬಾಲಿನ ಹುಡುಗಿ ಬಸ್ಸಿನಲ್ಲಿ ನಮ್ಮ ಪಕ್ಕದಲ್ಲೇ ಕುಳಿತಿದ್ದಳು. ತಂಡದಲ್ಲಿ ಒಂಬತ್ತು ಮಂದಿ, ಕೈಚೀಲ ನಾಲ್ಕೇ ಇವೆಯೆಂದೂ ಸರತಿಯ ಮೇಲೆ ಹಾಕಿಕೊಳ್ಳುತ್ತೇವೆಂದೂ ಹೇಳಿದಳು. ಮುಂದಿನ ಪಂದ್ಯ ಎಂದು ಎಂದು ಕೇಳಿದೆವು. “ದಿನಾ ಗೊತ್ತಾಗೇತ್ರಿ, ಎಲ್ಲಿ ಆಡೂದಂತ ಇನ್ನೂ ಗೊತ್ತಾಗಿಲ್ಲ” ಎಂದಳು.