ಮರ ಯಾರದ್ದು, ತಂತಿ ಯಾರದ್ದು?

ಮಂಗಳೂರಿನಲ್ಲಿ ಜೂನ್ ತಿಂಗಳ ಗಾಳಿಮಳೆಗೆ ಮರ ಬೀಳುವುದು ಹೊಸತಲ್ಲ. ಬಿದ್ದ ಮೇಲಿನ ಚರ್ಚೆಯೂ ಹೊಸತಲ್ಲ. ಮರ ಪಾಲಿಕೆಯದ್ದೋ ಅರಣ್ಯ ಇಲಾಖೆಯದ್ದೋ, ತಂತಿ ಮೆಸ್ಕಾಂನದ್ದೋ ಮನೆಯವರದ್ದೋ ಎಂಬ ಮಾತುಕತೆ ಕತ್ತಲಲ್ಲೇ ನಡೆಯುತ್ತದೆ. ಮರುದಿನ ಬೆಳಿಗ್ಗೆ ಆನ್‌ಲೈನ್ ಪರೀಕ್ಷೆಯೋ ಸಂದರ್ಶನವೋ ಇದ್ದವರು ಅಷ್ಟರಲ್ಲಿ ಮೊಬೈಲ್ ಚಾರ್ಜ್ ಮಾಡಲು ಸ್ನೇಹಿತರ ಮನೆ ಹುಡುಕುತ್ತಿರುತ್ತಾರೆ.

ನಿಜ ಹೇಳಬೇಕೆಂದರೆ, ತಂತಿಯ ವಿಷಯದಲ್ಲಿ ಗೊಂದಲಕ್ಕೆ ಹೆಚ್ಚು ಜಾಗವಿಲ್ಲ. ಕಂಬ, ಲೈನ್, ಕಂಬದಿಂದ ಮನೆಯ ಮೀಟರ್‌ವರೆಗಿನ ಸಂಪರ್ಕ ಮೆಸ್ಕಾಂ ಹೊಣೆ. ಮೀಟರ್ ದಾಟಿದ ಮೇಲಿನ ವಯರಿಂಗ್ ಮನೆಯವರದ್ದು. ಬಿದ್ದದ್ದು ರಸ್ತೆಬದಿಯ ಮರವೇ, ಪಕ್ಕದ ಕಂಪೌಂಡಿನ ತೆಂಗಿನ ಮಡಲೇ ಎಂಬುದರಿಂದ ಇದು ಬದಲಾಗುವುದಿಲ್ಲ. ಮರದ ಜಗಳ ಆಮೇಲೆ ಇತ್ಯರ್ಥವಾಗಲಿ, ಕರೆಂಟ್ ಮೊದಲು ಬರಲಿ.

ಕಷ್ಟ ಇರುವುದು ಮರ ಬೀಳುವ ಮೊದಲಿನ ಹೊಣೆಯಲ್ಲಿ. ಮಳೆಗಾಲಕ್ಕೆ ಮುಂಚೆ ಜಂಗಲ್ ಕಟ್ಟಿಂಗ್ ಎಂದು ತಂತಿಗೆ ತಾಗುವ ಗೆಲ್ಲುಗಳನ್ನು ಕಡಿಯುತ್ತಾರೆ. ಆದರೆ ಬುಡವೇ ಟೊಳ್ಳಾದ ಮರ ಗೆಲ್ಲು ಸವರಿದರೆ ನಿಲ್ಲುತ್ತದೆಯೇ? ಅದನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆ ಕಾಯ್ದೆ ಇರಲೇಬೇಕು. ಇಲ್ಲದಿದ್ದರೆ ತಂತಿಯ ನೆಪದಲ್ಲಿ ಕದ್ರಿ, ಬಿಜೈ ಕಡೆಯ ನೆರಳೆಲ್ಲ ಹೋದೀತು. ಅರ್ಜಿ ಮಳೆ ಶುರುವಾಗುವ ಮೊದಲೇ ಇತ್ಯರ್ಥವಾಗಲಿ ಎಂಬುದಷ್ಟೇ ಕೇಳಿಕೆ.

ಖಾಸಗಿ ಕಂಪೌಂಡಿನ ಮರದ ಪ್ರಶ್ನೆ ಇನ್ನೂ ಸೂಕ್ಷ್ಮ. 2003ರ ವಿದ್ಯುತ್ ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ, ಲೈನಿಗೆ ಅಡ್ಡಿಯಾಗುವ ಮರವನ್ನು ವಿದ್ಯುತ್ ಕಂಪನಿ ಮ್ಯಾಜಿಸ್ಟ್ರೇಟರ ಆದೇಶ ಪಡೆದು ತೆಗೆಸಬಹುದು. ಲೈನ್ ಎಳೆಯುವ ಮೊದಲೇ ಇದ್ದ ಮರವಾದರೆ ಅದರ ಹಕ್ಕುದಾರರಿಗೆ ಪರಿಹಾರ ಕೊಡಬೇಕು. ಇದು ನ್ಯಾಯವೇ. ಅಜ್ಜ ನೆಟ್ಟ ಹಲಸಿನ ಮೇಲೆ ನಿನ್ನೆ ಮೊನ್ನೆ ತಂತಿ ಹಾದುಹೋದರೆ ತಪ್ಪು ಹಲಸಿನದ್ದಲ್ಲ. ಆದರೆ ಲಿಖಿತ ಎಚ್ಚರಿಕೆ ಬಂದ ಮೇಲೂ ಒಣಗಿದ ಮರವನ್ನು ಹಾಗೇ ಬಿಟ್ಟವರಿಂದ ದುರಸ್ತಿ ಖರ್ಚು ವಸೂಲಿ ಮಾಡಬೇಕೆಂದು ನನ್ನ ಅಭಿಪ್ರಾಯ. ಕಂಬ ಮುರಿದ ಖರ್ಚು ಕೊನೆಗೆ ಎಲ್ಲರ ಬಿಲ್ಲಿಗೇ ಬರುತ್ತದಲ್ಲ!

ಇದರಲ್ಲಿ ಯಾರ ಲೆಕ್ಕಕ್ಕೂ ಬಾರದವರು ಬಾಡಿಗೆ ಕೋಣೆಯ ವಿದ್ಯಾರ್ಥಿಗಳು. ಮನೆ ಯಜಮಾನರು ದುಬೈಯಲ್ಲೋ ಮುಂಬಯಿಯಲ್ಲೋ ಇರುತ್ತಾರೆ. 1912ಕ್ಕೆ ಕರೆ ಮಾಡಿದರೆ ಆರ್‌.ಆರ್‌. ನಂಬರ್ ಹೇಳಲು ನಮಗೆ ಗೊತ್ತಿರುವುದಿಲ್ಲ. ಬಿಲ್ಲಿನದೊಂದು ಫೋಟೊ ಮೊಬೈಲಿನಲ್ಲಿದ್ದರೆ ಈ ತೊಂದರೆ ಇಲ್ಲ. ಇನ್ನು ಇಂಟರ್‌ನೆಟ್ ಕೇಬಲ್ ಕಥೆ ಬೇರೆ. ಅದು ಅದೇ ಕಂಬಕ್ಕೆ ಜೋತುಬಿದ್ದಿರುತ್ತದೆ, ಆದರೆ ಅದನ್ನು ಮೆಸ್ಕಾಂ ಜೋಡಿಸುವುದಿಲ್ಲ. ಕರೆಂಟ್ ಬಂದರೂ ನೆಟ್ ಬಾರದಿದ್ದರೆ ಕೇಬಲ್ ಕಂಪನಿಯನ್ನೇ ಕೇಳಬೇಕು. ಕಂಬ ಬಳಸುವ ಕಂಪನಿಗಳಿಗೂ ಇಷ್ಟು ಗಂಟೆಯೊಳಗೆ ದುರಸ್ತಿ ಮಾಡಬೇಕೆಂಬ ಷರತ್ತು ಹಾಕಲಿ.

ಎಷ್ಟೇ ತಡವಾದರೂ ಬಿದ್ದ ತಂತಿಯನ್ನು ನಾವೇ ಸರಿಸಲು ಹೋಗಬಾರದು. 2024ರ ಜೂನ್ ಕೊನೆಯಲ್ಲಿ ಪಾಂಡೇಶ್ವರದ ರೊಸಾರಿಯೊ ಬಳಿ ತುಂಡಾಗಿ ಬಿದ್ದ ತಂತಿಯಿಂದ ಇಬ್ಬರು ಆಟೊ ಚಾಲಕರು ಸತ್ತರು. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರೂ ಪ್ರಾಣ ಕಳೆದುಕೊಂಡರು. ಮಳೆ ನೀರಿನಲ್ಲಿ ತಂತಿ ಕಂಡರೆ ದೂರ ನಿಂತು, ಬೇರೆಯವರನ್ನೂ ತಡೆದು, ಕರೆ ಮಾಡಬೇಕು.

ಹಾಗೆ ಕರೆ ಮಾಡಿದಾಗ ಎತ್ತಿದವರು ಯಾವ ಇಲಾಖೆಯವರೇ ಆಗಲಿ, ದೂರು ಬರೆದುಕೊಂಡು ಸಂಬಂಧಪಟ್ಟವರಿಗೆ ತಾವೇ ದಾಟಿಸಬೇಕು. ಪಾಲಿಕೆ, ಮೆಸ್ಕಾಂ, ಅರಣ್ಯ ಇಲಾಖೆ ಮೇ ತಿಂಗಳಲ್ಲೇ ಒಟ್ಟಿಗೆ ಕುಳಿತು ವಾರ್ಡ್‌ವಾರು ಒಬ್ಬೊಬ್ಬ ಅಧಿಕಾರಿಯ ಹೆಸರು, ನಂಬರ್ ಪ್ರಕಟಿಸಿದರೆ ಇಷ್ಟಾಗುತ್ತದೆ. ಇದಕ್ಕೆ ಹೊಸ ಕಾನೂನೂ ಬೇಡ, ದೊಡ್ಡ ಹಣವೂ ಬೇಡ.