ತೇರ್ಗಡೆಯಾದ ಬಳಿಕ

ನಮ್ಮ ಎಸ್.ಎಸ್.ಎಲ್.ಸಿ. ಪತ್ರವು ಟ್ರಂಕಿನ ತಳದಲ್ಲಿ ಹಳದಿಯಾಗಿ ಬಿದ್ದಿದೆ; ಆದರೂ ಊರ್ಜಿತವಾಗಿದೆ. ಹಗಲು ಮೇಜು ಒರಸಿ, ಮೊಗವೀರ ರಾತ್ರಿ ಶಾಲೆಯಂಥಲ್ಲಿ ಓದಿ ಕಾರಕೂನರಾದ ನಮ್ಮ ಹಿರಿಯರನ್ನೂ ಯಾರೂ ಮರಳಿ ಪರೀಕ್ಷೆಗೆ ಕರೆಯಲಿಲ್ಲ. ಆದುದರಿಂದಲೇ ಡೊಂಬಿವಲಿ, ಕಲ್ಯಾಣಗಳಿಂದ ಐರೋಲಿ, ಮಹಾಪೆಗಳ ಕಂಪ್ಯೂಟರ್ ಕಚೇರಿಗಳಿಗೆ ಹೋಗುವ ನಮ್ಮ ಮಕ್ಕಳ ಪರೀಕ್ಷೆಗಳು ತಂದೆತಾಯಿಗಳಿಗೆ ಒಗಟಾಗಿವೆ.

ನಮ್ಮ ಹಳೆಯ ಹೋಟೆಲಿನ ಅಡಿಗೆಯವರೊಬ್ಬರು ಮೊನ್ನೆ ಬಂದು, "ಧಣಿಗಳೇ, ಮಗ ಪಾಸಾದನೆಂದು ಸಿಹಿ ಹಂಚಿದೆವು. ಈಗ ಸರ್ಟಿಫಿಕೇಟು ಸಿಗಲು ಇನ್ನೂ ವರ್ಷಗಳು ಬೇಕೆನ್ನುತ್ತಾನೆ. ಇದು ಮೋಸವಲ್ಲವೇ?" ಎಂದು ಕೇಳಿದರು.

ಮೋಸವಲ್ಲ. ಹುಡುಗನು ಬರೆದುದು ಸಿ.ಐ.ಎಸ್.ಎಸ್.ಪಿ. ಎಂಬ ಸೈಬರ್ ಭದ್ರತಾ ಪರೀಕ್ಷೆ. ಐ.ಎಸ್.ಸಿ.-2 ಎಂಬ ಅಮೇರಿಕದ ಸಂಸ್ಥೆಯು ಇದನ್ನು 1994ರಿಂದ ನಡೆಸುತ್ತಿದೆ. ಶುಲ್ಕವು 749 ಡಾಲರು, ಅಂದರೆ 60,000 ರೂಪಾಯಿಗೂ ಮೇಲೆ. ಎಂಟು ವಿಭಾಗಗಳಲ್ಲಿ ಎರಡರಲ್ಲಾದರೂ ಐದು ವರ್ಷ ದುಡಿದ ಅನುಭವವಿಲ್ಲದೆ ಆ ಬಿರುದನ್ನು ಹೆಸರಿನ ಮುಂದೆ ಬರೆಯುವಂತಿಲ್ಲ. ಪದವೀಧರನಿಗೆ ಒಂದು ವರ್ಷದ ರಿಯಾಯಿತಿ ಉಂಟು. ಅನುಭವ ಗಳಿಸಲು ತೇರ್ಗಡೆಯಾದವನಿಗೆ ಆರು ವರ್ಷಗಳ ಅವಕಾಶವಿದೆ. ಹಣ ಕಟ್ಟಿಸಿಕೊಂಡ ತರಗತಿಯವರು ಈ ಮಾತನ್ನು ಮೊದಲೇ ಹೇಳಬೇಕಾಗಿತ್ತು. ಹೇಳಲಿಲ್ಲ.

ಬಿರುದು ದೊರೆತ ಮೇಲೂ ಬಿಡುಗಡೆಯಿಲ್ಲ. ವರ್ಷಕ್ಕೆ 135 ಡಾಲರು ತೆರಬೇಕು. ಮೂರು ವರ್ಷಗಳಲ್ಲಿ 120 ಅಂಕಗಳಷ್ಟು ಹೊಸ ಅಭ್ಯಾಸವನ್ನು ತೋರಿಸಬೇಕು. ಸುಮಾರಾಗಿ ಗಂಟೆಗೊಂದು ಅಂಕ. ತಪ್ಪಿದರೆ ಮೊದಲು ಅಮಾನತು, ಆಮೇಲೆ ರದ್ದು, ಪುನಃ ಪರೀಕ್ಷೆ. ಇದು ಕ್ರೂರವೆಂದು ನಮಗನಿಸುವುದಿಲ್ಲ. ಪರವಾನಗಿಯನ್ನು ಗಲ್ಲೆಯ ಹಿಂದೆ ತೂಗುಹಾಕಿದ ಮಾತ್ರಕ್ಕೆ ನಮ್ಮ ಅಡಿಗೆಮನೆ ಚೊಕ್ಕಟವಾಗಿರುವುದೇ? ಅಡಿಗೆಯವನ ಆರೋಗ್ಯ ತಪಾಸಣೆ ವರ್ಷ ವರ್ಷವೂ ಆಗಲೇಬೇಕು. ಕಳ್ಳರು ಸಹ ದಿನೇ ದಿನೇ ಹೊಸತನ್ನು ಕಲಿಯುತ್ತಿದ್ದಾರೆ. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಅಪಹೃತವಾಯಿತು. ಬಹುಪಾಲು ಹಣವನ್ನು 28 ದೇಶಗಳ ಎ.ಟಿ.ಎಂ.ಗಳಿಂದ ಎತ್ತಲಾಗಿತ್ತು. ನಮ್ಮವರ ಉಳಿತಾಯವಿರುವುದೂ ಇಂಥ ಸಹಕಾರಿ ಬ್ಯಾಂಕುಗಳಲ್ಲಿಯೇ.

ಈಗ ನಮ್ಮ ಸಂಘಗಳ ಚಾಲಕರಲ್ಲಿ ಒಂದು ವಿನಂತಿ. ತೇರ್ಗಡೆಯಾದ ದಿನ ಶಾಲು ಹೊದಿಸಿ, ಫೋಟೋ ತೆಗೆಸಿ, ಮರುವರ್ಷ ಅದೇ ಹುಡುಗನು ಶುಲ್ಕಕ್ಕೆ ಪರದಾಡುವಾಗ ಸುಮ್ಮನಿರುವುದು ನಮ್ಮಲ್ಲಿ ರೂಢಿಯಾಗಿದೆ. (ಆ ಶಾಲುಗಳ ಖರ್ಚನ್ನು ನಾವೂ ಕೊಟ್ಟವರೇ.) ವಿದ್ಯಾನಿಧಿಯಿಂದ ಮೊದಲ ಮೂರು ವರ್ಷಗಳ ಶುಲ್ಕವನ್ನು ಸಾಲವಾಗಿಯಾದರೂ ಕೊಡಬಾರದೇಕೆ?

ಇನ್ನೊಂದು ಉಪಾಯಕ್ಕೆ ಹಣವೇ ಬೇಡ. ಭದ್ರತೆಯ ವಿಷಯದಲ್ಲಿ ಉಪನ್ಯಾಸ ಸಿದ್ಧಪಡಿಸುವುದೂ ಆ 120ರ ಲೆಕ್ಕಕ್ಕೆ ಸೇರುತ್ತದೆ. ಅತ್ತ ನಮ್ಮ ಹೋಟೆಲುಗಳಲ್ಲಿ ಗಲ್ಲೆಯ ಕ್ಯೂ.ಆರ್. ಚೀಟಿಯ ಮೇಲೆ ಪರರ ಚೀಟಿ ಅಂಟಿಸಿದರೂ ಗಮನಿಸುವವರಿಲ್ಲ. ಮಾಣಿಯು ಊರಿಗೆ ಕಳುಹಿಸಬೇಕಾದ ಸಂಬಳವು ಒಂದು ಓ.ಟಿ.ಪಿ. ಹೇಳಿದುದರಿಂದ ಹೋಗುತ್ತದೆ, ಕೂಡಲೇ 1930ಕ್ಕೆ ಫೋನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಲ್ಲ. ಆ ಹುಡುಗರನ್ನು ಕರೆಯಿಸಿ ಕನ್ನಡದಲ್ಲಿ, ತುಳುವಿನಲ್ಲಿ ಪಾಠ ಹೇಳಿಸಿರಿ. ಊಟದ ಗಲಾಟೆ ಮುಗಿದು ಸಂಜೆಯ ಚಹಾ ಆರಂಭವಾಗುವ ಮುನ್ನ, ಮೂರರಿಂದ ನಾಲ್ಕರವರೆಗೆ, ಯಾವ ಹೋಟೆಲಿನಲ್ಲಾದರೂ ನಾಲ್ಕು ಬೆಂಚುಗಳು ಖಾಲಿ ಇರುತ್ತವೆ.