ಹೆಸರಿಟ್ಟರೆ ತೂತು ಮುಚ್ಚುತ್ತದೆಯೇ?

ಸಾಫ್ಟ್‌ವೇರ್ ಪಂಡಿತರು ಮತ್ತೆ ಕಿತ್ತಾಡುತ್ತಿದ್ದಾರೆ. ಸಾಫ್ಟ್‌ವೇರಿನ ಲೋಪವೊಂದು ಜಗಜ್ಜಾಹೀರಾಗಿದೆ, ಕಂಪನಿ ಇನ್ನೂ ಅದನ್ನು ಮುಚ್ಚುವ ತೇಪೆ, ಅಂದರೆ ಪ್ಯಾಚ್, ಕೊಟ್ಟಿಲ್ಲ ಎನ್ನೋಣ. ಇದನ್ನು 'ಝೀರೋ ಡೇ' ಎನ್ನಬಹುದೋ ಬಾರದೋ? ಕಂಪನಿಗೇ ಗೊತ್ತಿಲ್ಲದ್ದು ಮಾತ್ರ ಝೀರೋ ಡೇ ಎನ್ನುತ್ತದೆ ಒಂದು ಬಣ. ಪ್ಯಾಚ್ ಬರುವತನಕ ಅದು ಝೀರೋ ಡೇಯೇ ಎನ್ನುತ್ತದೆ ಇನ್ನೊಂದು. ಪ್ಯಾಚ್ ಬರುವುದೇ ಇಲ್ಲವೆಂದಾದರೆ ಅದಕ್ಕೆ 'ಫಾರೆವರ್ ಡೇ' ಎಂಬ ಹೆಸರೂ ಇದೆ. ನಾಮಕರಣಕ್ಕೆ ಇರುವ ಉತ್ಸಾಹ ರಿಪೇರಿಗೆ ಇದ್ದಿದ್ದರೆ!

2022ರ 'ಫೊಲಿನಾ' ಲೋಪ ನೆನಪಿದೆಯೇ? ಕಳ್ಳ ಕಳಿಸಿದ ವರ್ಡ್ ಫೈಲ್ ತೆರೆದರೆ ಸಾಕು, ವಿಂಡೋಸ್‌ನ ದೋಷಪತ್ತೆ ಟೂಲ್ ಮೂಲಕ ಕಂಪ್ಯೂಟರ್ ಕಳ್ಳನ ಕೈಗೆ. ಏಪ್ರಿಲ್‌ನಲ್ಲೇ ಮೈಕ್ರೋಸಾಫ್ಟ್‌ಗೆ ದೂರು ಹೋಗಿತ್ತು. ಇದು ಸುರಕ್ಷತೆಯ ಸಮಸ್ಯೆಯೇ ಅಲ್ಲವೆಂದು ಅದು ಕೈತೊಳೆದುಕೊಂಡಿತು. ಮೇ ಕೊನೆಗೆ ವಿಷಯ ಬಟಾಬಯಲಾಯಿತು, ಪ್ಯಾಚ್ ಬಂದದ್ದು ಜೂನ್ 14ಕ್ಕೆ. ಅಲ್ಲಿಯವರೆಗೆ ನಮಗೆ ಸಿಕ್ಕ ಉಪದೇಶ: ವಿಂಡೋಸ್‌ನ ಒಳಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಒಂದು ಕೀ ಅಳಿಸಿಕೊಳ್ಳಿ. ಜೆರಾಕ್ಸ್ ಅಂಗಡಿಯ ಹುಡುಗ ರಿಜಿಸ್ಟ್ರಿಗೆ ಕೈ ಹಾಕಬೇಕಿತ್ತೇ? ಸಿಕ್ಕಿಬಿದ್ದ ದಾಳಿಯ ಮಾದರಿ ಫೈಲಿನಲ್ಲಿದ್ದ 0438 ಎಂಬ ಸಂಖ್ಯೆ ಇಟಲಿಯ ಫೊಲಿನಾ ಊರಿನ ಎಸ್‌ಟಿಡಿ ಕೋಡ್ ಆದ್ದರಿಂದ ಆ ಹೆಸರಂತೆ. ಹೆಸರು ಮಾತ್ರ ಪ್ಯಾಚ್‌ಗಿಂತ ಬೇಗ ಬಂತು.

ಹೆಸರು ತಿದ್ದುವುದರಲ್ಲಿ ಕಂಪನಿಗಳು ನಿಸ್ಸೀಮರು. ಲೋಪವನ್ನು ಮೊದಲು ತಮಗೆ ಗುಟ್ಟಾಗಿ ತಿಳಿಸುವುದನ್ನು 'ಜವಾಬ್ದಾರಿಯುತ ಬಹಿರಂಗ' ಎನ್ನುತ್ತಿದ್ದವು. 2010ರಲ್ಲಿ ಮೈಕ್ರೋಸಾಫ್ಟ್ ಅದನ್ನು 'ಸಮನ್ವಯದ ಬಹಿರಂಗ' ಎಂದು ಬದಲಿಸಿತು. ನನಗೆ ಇವೆರಡಕ್ಕಿಂತ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಒರಟುತನವೇ ಇಷ್ಟ: 90 ದಿನ ಗಡುವು, ಅಷ್ಟರಲ್ಲಿ ಸರಿಪಡಿಸದಿದ್ದರೆ ಊರಿಗೆಲ್ಲ ಹೇಳಿಬಿಡುತ್ತೇವೆ. ಕಂಪನಿಗಳು ಮಿಸುಕಾಡುವುದು ಮಾನ ಹೋಗುತ್ತದೆ ಎಂದಾಗಲೇ.

ನನ್ನ ಗೆಳೆಯನೊಬ್ಬ ಸಣ್ಣ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದ್ದ. ಗ್ರಾಹಕರಿಗೆ ಹೋಗುವ ಬಿಲ್ಲಿನ ಲಿಂಕ್‌ನ ಕೊನೆಯ ಅಂಕಿ ಬದಲಿಸಿದರೆ ಮತ್ತೊಬ್ಬರ ಬಿಲ್, ಫೋನ್ ನಂಬರ್ ಸಮೇತ, ಪ್ರತ್ಯಕ್ಷ! ಹೌಹಾರಿ ಫೋನ್ ಮಾಡಿದರೆ ಆ ಕಡೆಯವರು ನಿರಾಳವಾಗಿ, 'ನೋನ್ ಇಶ್ಯೂ ಸಾರ್, ನೆಕ್ಸ್ಟ್ ರಿಲೀಸ್‌ನಲ್ಲಿ ಬರುತ್ತೆ' ಎಂದರಂತೆ. ಗೊತ್ತಿರುವುದೇ ದೊಡ್ಡ ಸಾಧನೆ ಎಂಬ ಧಾಟಿ.

ನಮ್ಮ ಸರ್ಕಾರಕ್ಕೂ ಗಡುವು ಬಲು ಇಷ್ಟ. ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ವರದಿ ಮಾಡಿ ಎಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಆದೇಶಿಸಿತು. ಆ ಆದೇಶದಲ್ಲಿ ಪ್ಯಾಚ್ ಎಷ್ಟು ದಿನದೊಳಗೆ ಬರಬೇಕೆಂಬ ಮಾತಿಲ್ಲ. ಪೆಟ್ಟು ತಿಂದವನು 6 ಗಂಟೆಯಲ್ಲಿ ಬಾಯಿ ಬಿಡಬೇಕು. ತೂತು ಬಿಟ್ಟವನು ಆರಾಮವಾಗಿ ಹೆಸರು ಹುಡುಕುತ್ತಾ ಕೂರಬಹುದು.